ತಲೆಯ ಮೇಲೆ ಎರಡು ಗೀಟು

ಊರಿನ ಹೆಸರು ಪೇಚ್.
ಕನ್ನಡದ ಕಿವಿಗೆ ನಗು ಬರಬಹುದು, ಬರಲಿ.
ಅಲ್ಲಿ, ಹಂಗೇರಿಯ ನವೆಂಬರಿನಲ್ಲಿ, ಮೂರನೆಯ ಮಹಡಿಯಲ್ಲಿ
ಬೊರೋಕಾ ಎಂಬಾಕೆ ವಿಡಿಯೊ ಗೇಮುಗಳ ಮಾತನ್ನು
ತನ್ನ ಭಾಷೆಗೆ ತರುತ್ತಾಳೆ, ಪದಕ್ಕಿಷ್ಟು ಎಂದು.

ಈ ಸಲದ್ದು ಸಾಧು ಆಟ. ಕತ್ತಿಯಿಲ್ಲ, ರಕ್ತವಿಲ್ಲ.
ಒಂದು ಸರೋವರ, ಹನ್ನೊಂದು ಮನೆ,
ಹಿಡಿದ ಮೀನು ಮಾರಿ ಚಾವಣಿಯ ಹೆಂಚು ಕೊಳ್ಳಬೇಕು, ಅಷ್ಟೇ.
ದಡದಿಂದ ದಡಕ್ಕೆ ದಾಟಿಸಲು ಒಬ್ಬ ಅಂಬಿಗ.
ಆಚೆ ದಡದಲ್ಲಿ ಗಡಿಯಾರ ರಿಪೇರಿಯವನು.
ಇಪ್ಪತ್ತು ಗಂಟೆ ಆಡಿದ ಮೇಲೆ ಒಂದು ಸಂಜೆ
ಅಂಬಿಗ ಹುಟ್ಟು ನಿಲ್ಲಿಸಿ ಹೇಳುತ್ತಾನೆ:
"ಅವನು ನನ್ನ ಗಂಡ. ದೋಣಿ ತಡವಾದರೆ
ಕಿಟಕಿಯ ದೀಪ ಆರಿಸುವುದಿಲ್ಲ."

ಎರಡೇ ವಾಕ್ಯ.
ಅದಕ್ಕೆ ಒಂಬತ್ತು ದಿನ.

'ಅವನು' ಸುಲಭ. ಆಕೆಯ ಭಾಷೆಯಲ್ಲಿ
ಅವನಿಗೂ ಅವಳಿಗೂ ಒಂದೇ ಅಕ್ಷರ,
ತುಟಿ ದುಂಡಗೆ ಮಾಡಿ ಎಳೆಯುವ ಒಂದು ಸ್ವರ,
ತಲೆಯ ಮೇಲೆ ಎರಡು ಗೀಟು, ಓರೆಯಾಗಿ,
ಗಾಳಿಗೆ ಸಿಕ್ಕ ಹನಿಗಳ ಹಾಗೆ.
ಅದರೊಳಗೆ ಯಾರು ಬೇಕಾದರೂ ಕೂರಬಹುದು.
ನನಗೆ ಆ ಸುಖವಿಲ್ಲ. ಪ್ರತಿ ಕ್ರಿಯಾಪದದ ಬಾಲದಲ್ಲೂ
ಗಂಡೋ ಹೆಣ್ಣೋ ಹೇಳಿಯೇ ಮುಂದೆ ಹೋಗು ಅನ್ನುತ್ತದೆ ಕನ್ನಡ.
ಗೌರವ ಕೊಟ್ಟರೆ ಮಾತ್ರ ಬಿಡುತ್ತದೆ:
ಬಂದರು, ಕೂತರು, ಊಟ ಮಾಡಿದರು.
ಯಾರು ಎಂದು ಆಮೇಲೆ ಕೇಳುವುದಿಲ್ಲ.

'ಗಂಡ' ಮಾತ್ರ ಗಂಡನೇ, ಹಂಗೇರಿಯಲ್ಲೂ.

ಬುಡಾಪೆಸ್ಟಿನಿಂದ ಕಂಪನಿಯ ಫೋನು. ಮೆಲುದನಿಯ ಮನುಷ್ಯ, ಲೊರಾಂಡ್:
"ಮೆತ್ತನೆಯ ಪದ ಹಾಕಿ. ಜೋಡಿ ಅಂತ ಇದೆಯಲ್ಲ.
ಸುಳ್ಳೂ ಅಲ್ಲ, ರಂಪವೂ ಇಲ್ಲ.
ಡಬ್ಬಿಯ ಮೇಲೆ ಎಷ್ಟು ವಯಸ್ಸೆಂದು ಅಚ್ಚು ಹಾಕಿಸಲಿ,
ಆ ತಲೆನೋವು ಬೇರೆ ಇದೆ ನನಗೆ."
ಹಾಕಿದಳು. ಮನೆ ಬಾಡಿಗೆ ತಿಂಗಳ ಐದಕ್ಕೆ.

ರಂಪ ಆಯಿತು.
ಒಬ್ಬ ತಂದೆ ಬರೆದ: ಮೀನು ಹಿಡಿಯಲೆಂದು ಕೊಡಿಸಿದೆ,
ಗಾಳದ ತುದಿಗೆ ಇದನ್ನು ಸಿಕ್ಕಿಸಿದವರು ಯಾರು?
ಇನ್ನೊಬ್ಬ: ಆಟ ಅಂದಮೇಲೆ ಆಟ, ರಾಜಕೀಯ ಬೇಡ.
ಅವನು ಹೊಗಳಿದ ಹಳೆಯ ಆಟಗಳಲ್ಲೆಲ್ಲ
ಕೊನೆಗೊಬ್ಬ ರಾಜಕುಮಾರಿಯನ್ನು ಬಿಡಿಸಿ ತಂದು ಮದುವೆ.
ಅದು ಅವನಿಗೆ ಹವಾಮಾನ.
ಇಬ್ಬರು ಹೆಂಗಸರು, ಒಂದೇ ಕಾಗದ, ಎರಡು ಸಹಿ:
ಮೂವತ್ತು ವರ್ಷ ನಮ್ಮನ್ನು ಗೆಳತಿ ಅಂದರು,
ಬಾಡಿಗೆ ಹಂಚಿಕೊಂಡವರು ಅಂದರು, ದೂರದ ನೆಂಟರು ಅಂದರು.
ಬೊಂಬೆಗಳ ಊರಿನಲ್ಲಾದರೂ
ಒಮ್ಮೆ ನೆಟ್ಟಗೆ ಹೇಳಬಾರದಿತ್ತೆ?

ಬೊರೋಕಾ ಎಲ್ಲ ಓದಿದಳು. ತಂದೆಯದನ್ನು ಎರಡು ಸಲ:
ಕಾಗುಣಿತ ತಪ್ಪಿತ್ತು, ಭಯ ನಿಜವಿತ್ತು.
ಹೆಂಗಸರದನ್ನು ಒಂದೇ ಸಲ.
ಎರಡನೆಯ ಸಲಕ್ಕೆ ಧೈರ್ಯ ಸಾಲಲಿಲ್ಲ.

ಶನಿವಾರ ಅಕ್ಕನ ಮಗ ಬಂದ, ಝೊಂಬೋರ್,
ಹದಿನೈದು ತುಂಬಿ ಒಂದು ವಾರ, ಒಂದೇ ಕಾಲಿಗೆ ಕಾಲ್ಚೀಲ.
ಗಸಗಸೆ ಸಕ್ಕರೆ ಉದುರಿಸಿದ ನೂಡಲ್ಸಿನ ತಟ್ಟೆ
ಸೋಫಾದ ತೋಳಿನ ಮೇಲಿಟ್ಟು ಆಡಲು ಕೂತ.
ಅಡುಗೆಮನೆಗೆ ಕೇಳುತ್ತಿತ್ತು: ಹುಟ್ಟಿನ ಸದ್ದು, ನೀರಿನ ಸದ್ದು,
ಆಮೇಲೆ ಎರಡೂ ನಿಂತದ್ದು.

"ಚಿಕ್ಕಮ್ಮ, ಮೂಲದಲ್ಲಿ ಏನಿತ್ತು ಇಲ್ಲಿ?"
ಹೇಳಿದಳು.
"ಮತ್ತೆ ಯಾಕೆ—"
ಅವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು,
ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಅವನು ಬೈಯಲಿಲ್ಲ. ಅದೇ ಗುಂಡಿ ಒತ್ತಿದ.
ಇಂಥ ಆಟಗಳಲ್ಲಿ ಹಾಗೆ: ಎಷ್ಟು ಸಲ ಮಾತಾಡಿಸಿದರೂ
ಅಂಬಿಗನಿಗೆ ಗೊತ್ತಿರುವುದು ಎರಡೇ ವಾಕ್ಯ.
ಬೇಸರವಿಲ್ಲ. ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡುವುದಿಲ್ಲ.
ಅವರು ನನ್ನ ಜೋಡಿ. ದೋಣಿ ತಡವಾದರೆ
ಕಿಟಕಿಯ ದೀಪ ಆರಿಸುವುದಿಲ್ಲ.
ಒತ್ತಿದ.
ಅವರು ನನ್ನ ಜೋಡಿ. ದೋಣಿ ತಡವಾದರೆ
ಒತ್ತಿದ.
ಏಳು ಸಲವೋ, ಎಂಟೋ.

ಬಾಗಿಲ ಸಂದಿಯಿಂದ ಕಂಡಳು:
ಹುಡುಗನ ತುಟಿ ದುಂಡಗಾಗುತ್ತಿದೆ, ಆ ಅಕ್ಷರಕ್ಕೆ,
ಆಮೇಲೆ, ಜೋಡಿ ಎಂದಿದ್ದ ಜಾಗದಲ್ಲಿ,
ಅವಳು ಹಾಕದೇ ಬಿಟ್ಟ ಪದಕ್ಕೆ
ಮೆಲ್ಲಗೆ ತೆರೆದುಕೊಳ್ಳುತ್ತಿದೆ.

ತಟ್ಟೆಯಲ್ಲಿ ನೂಡಲ್ಸು ತಣ್ಣಗಾಗಿತ್ತು.
ಅವಳು ನಲ್ಲಿ ನಿಲ್ಲಿಸಿದಳು.